ಕಳವು ನಡೆಯುವುದು ನೋಟ್‌ಬುಕ್ಕಿನಲ್ಲಿ

ಮಾನ್ಯ ಸಂಪಾದಕರೇ,

ಕೃತಿಚೌರ್ಯದ ಬಗ್ಗೆ ನಿಮ್ಮ ಭಾನುವಾರದ ಪುಟದಲ್ಲಿ ಬಂದ ಲೇಖನ ಓದಿದೆ. ಪ್ರತಿ ಪ್ರಬಂಧವನ್ನೂ ಸಾಫ್ಟ್‌ವೇರ್‌ಗೆ ಹಾಕಿ, ಬೇರೆ ಬರಹಗಳ ಜೊತೆ ಹೋಲಿಕೆ ಶೇ 10 ದಾಟಿದ್ದನ್ನು ವಾಪಸ್ ಕಳಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಲೇಖಕರು ಬರೆದಿದ್ದಾರೆ. ಆ ಸಾಫ್ಟ್‌ವೇರ್ ಮುಂದೆ ಕೂರುವುದೇ ನನ್ನ ಕೆಲಸ. ವಿಶ್ವವಿದ್ಯಾಲಯವೊಂದರ ಗ್ರಂಥಾಲಯದಲ್ಲಿದ್ದೇನೆ. ಮಹಾಪ್ರಬಂಧಗಳು ಪರೀಕ್ಷಕರ ಕೈಗೆ ಹೋಗುವ ಮೊದಲು ನನ್ನ ಟೇಬಲ್ಲಿಗೆ ಬರುತ್ತವೆ. ಅದಕ್ಕೇ ಎರಡು ಮಾತು ಬರೆಯೋಣ ಅನ್ನಿಸಿತು. ಎರಡು ಅಂದೆ, ಸ್ವಲ್ಪ ಜಾಸ್ತಿಯೇ ಆಗುತ್ತದೆ. ಸಹಿಸಿಕೊಳ್ಳಿ.

ಆ ಸಾಫ್ಟ್‌ವೇರ್‌ಗೆ ಕಳ್ಳ ಯಾರು, ಸಾಚಾ ಯಾರು ಗೊತ್ತಿಲ್ಲ. 'ಈ ಸಾಲು ಇನ್ನೆಲ್ಲೋ ಇದೆ' ಎಂದಷ್ಟೇ ಅದು ಹೇಳುತ್ತದೆ. ಒಮ್ಮೆ ಒಬ್ಬ ಹುಡುಗಿ ಅಳುತ್ತಾ ಬಂದಳು. ಅವಳ ಪ್ರಬಂಧಕ್ಕೆ ಶೇ 22 ಬಂದಿತ್ತು. ರಿಪೋರ್ಟ್ ಬಿಡಿಸಿ ನೋಡಿದೆವು. ಅರ್ಧಕ್ಕರ್ಧ ಬಣ್ಣ ಬಳಿದಿದ್ದು ಕೊನೆಯಲ್ಲಿದ್ದ ಆಕರಗಳ ಪಟ್ಟಿಗೆ. ಪುಸ್ತಕದ ಹೆಸರು ಎಲ್ಲರ ಪಟ್ಟಿಯಲ್ಲೂ ಒಂದೇ ಥರ ಇರುತ್ತದೆ, ಅಲ್ವಾ? ಉಳಿದದ್ದು ಉದ್ಧರಣ ಚಿಹ್ನೆಯೊಳಗೆ, ಪುಟಸಂಖ್ಯೆ ಸಮೇತ ಕೊಟ್ಟ ಸಾಲುಗಳು. ಅವಳು ಏನೂ ತಪ್ಪು ಮಾಡಿರಲಿಲ್ಲ. ಅದೇ ವಾರ ಇನ್ನೊಬ್ಬರ ಪ್ರಬಂಧಕ್ಕೆ ಶೇ 3 ಬಂತು. ಅವರು ಖುಷಿಯಾಗಿ ಹೋದರು. ಪುಟ ತಿರುಗಿಸುವಾಗ ನನಗೆ ಏನೋ ಕಸಿವಿಸಿ. ಎರಡನೇ ಅಧ್ಯಾಯ ಪೂರ್ತಿ ಒಂದು ಇಂಗ್ಲಿಷ್ ಪುಸ್ತಕದಿಂದ ಸಾಲು ಸಾಲಾಗಿ ಕನ್ನಡಕ್ಕೆ ಇಳಿಸಿದ್ದು. ಲೇಖಕರ ಹೆಸರು ಎಲ್ಲೂ ಇಲ್ಲ. ಆ ಪುಸ್ತಕವನ್ನು ನಾನು ಓದಿದ್ದರಿಂದ ಗೊತ್ತಾಯಿತು. ಇಲ್ಲದಿದ್ದರೆ ಅದು ಹಾಗೇ ದಾಟಿಹೋಗುತ್ತಿತ್ತು.

ಇಷ್ಟು ಹೇಳುವ ನಾನೇ ಒಂದು ಸಲ ಸಿಕ್ಕಿಬಿದ್ದವಳು. ಎಂ.ಎ. ಕಡೆಯ ವರ್ಷದ ಪ್ರಬಂಧ. ನನ್ನ ಮೇಷ್ಟ್ರು ಒಂದು ಪುಟ ಎತ್ತಿಕೊಂಡು, ಒಂದು ಸಾಲಿನ ಮೇಲೆ ಬೆರಳಿಟ್ಟು, "ಇದು ಯಾರ ಮಾತಮ್ಮ?" ಎಂದು ಕೇಳಿದರು. "ನಂದೇ ಸಾರ್" ಅಂದೆ. ಸುಳ್ಳು ಹೇಳಲಿಲ್ಲ, ನಿಜವಾಗಿಯೂ ನಂದೇ ಅಂದುಕೊಂಡಿದ್ದೆ. ಅವರು ಎದ್ದು ಹೋಗಿ ಕಪಾಟಿನಿಂದ ಒಂದು ಪುಸ್ತಕ ತಂದು ತೆರೆದರು. ಅದೇ ಸಾಲು. ಅಲ್ಪವಿರಾಮ ಕೂಡ ಅದೇ ಜಾಗದಲ್ಲಿ. ನನ್ನ ಮುಖ ಹೇಗಾಗಿತ್ತೋ! ಅವರು ಬೈಯಲಿಲ್ಲ. "ನಿನ್ನ ನೋಟ್‌ಬುಕ್ ತಾ" ಅಂದರು.

ನೋಟ್‌ಬುಕ್ಕಿನಲ್ಲಿ ಪುಸ್ತಕದಿಂದ ಇಳಿಸಿಕೊಂಡ ಸಾಲು, ನಾನು ಚುಟುಕು ಮಾಡಿಕೊಂಡ ಸಾಲು, ನನಗೇ ಹೊಳೆದ ಸಾಲು, ಎಲ್ಲ ಒಂದೇ ನೀಲಿ ಪೆನ್ನಿನಲ್ಲಿ ಒಂದರ ಕೆಳಗೊಂದು ಇದ್ದವು. ಯಾವುದಕ್ಕೂ ಗುರುತಿಲ್ಲ. ಆರು ತಿಂಗಳು ಬಿಟ್ಟು ತೆಗೆದಾಗ ಎಲ್ಲವೂ ನನ್ನ ಕೈಬರಹವೇ. ಚೆನ್ನಾಗಿದ್ದ ಸಾಲನ್ನೆಲ್ಲ ನನ್ನದೆಂದು ಎತ್ತಿಕೊಂಡಿದ್ದೆ. "ಇಲ್ಲೇ ಆಗಿದೆ ನೋಡು" ಅಂದರು ಮೇಷ್ಟ್ರು. ಆಮೇಲೆ ನಲವತ್ತು ಪುಟ ಮತ್ತೆ ಬರೆದೆ.

ಅದಕ್ಕೇ ಈಗ ಹೊಸದಾಗಿ ಬರುವ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳಿಕೊಡುವುದು ನೋಟ್ಸ್ ಮಾಡುವುದನ್ನು. ಪುಸ್ತಕ ತೆರೆದ ಕೂಡಲೇ ಲೇಖಕರ ಹೆಸರು, ಪುಸ್ತಕದ ಹೆಸರು, ವರ್ಷ, ಪ್ರಕಾಶಕರು ಇಷ್ಟನ್ನು ಮೇಲೆ ಬರೆಯಿರಿ. ಆಮೇಲೆ ಪುಟಸಂಖ್ಯೆ ಬರೆದು, ಅದರ ಮುಂದೆ ಟಿಪ್ಪಣಿ. ಸಾಲನ್ನು ಇದ್ದ ಹಾಗೇ ಇಳಿಸಿಕೊಂಡರೆ ದೊಡ್ಡದಾಗಿ ಉದ್ಧರಣ ಚಿಹ್ನೆ ಹಾಕಿ. ನಿಮ್ಮ ಮಾತಿನಲ್ಲಿ ಚುಟುಕು ಮಾಡಿದರೆ ಅಂಚಿನಲ್ಲಿ 'ಸಾ' ಎಂದು ಬರೆಯಿರಿ, ಸಾರಾಂಶ ಅಂತ. ನಿಮಗೇ ಹೊಳೆದದ್ದಾದರೆ 'ನಾ'. ನನ್ನ ನೋಟ್‌ಬುಕ್ಕಿನಲ್ಲಿ 'ನಾ' ಕಡಿಮೆಯೇ ಇರುತ್ತಿತ್ತು. ಅದನ್ನು ಕಂಡು ಒಂದಷ್ಟು ದಿನ ಬೇಜಾರೂ ಆಗಿತ್ತು. ಕಂಪ್ಯೂಟರಿನಲ್ಲಿ ನೋಟ್ಸ್ ಮಾಡುವವರಿಗೆ ಇದು ಇನ್ನೂ ಮುಖ್ಯ. ಕಾಪಿ ಪೇಸ್ಟ್ ಮಾಡಿದ ಸಾಲಿಗೆ ಕೈಬರಹದ ನೆನಪೂ ಇರುವುದಿಲ್ಲ.

ಇನ್ನು 'ಸ್ವಂತ ಮಾತಿನಲ್ಲಿ ಬರೆಯಿರಿ' ಅನ್ನುವ ಬುದ್ಧಿಮಾತು. ಇದನ್ನು ಕೇಳಿದವರು ಏನು ಮಾಡುತ್ತಾರೆ ಗೊತ್ತೇ? ಒಂದು ಪುಸ್ತಕದಲ್ಲಿ 'ರಾತ್ರಿ ನಿದ್ದೆಗೆಟ್ಟ ಮಕ್ಕಳು ಮರುದಿನ ತರಗತಿಯಲ್ಲಿ ಕೇಳಿದ್ದನ್ನು ಬೇಗ ಮರೆಯುತ್ತಾರೆ' ಎಂದಿದೆ ಅಂದುಕೊಳ್ಳಿ. ಅದು 'ಇರುಳು ನಿದ್ರೆ ಕೆಟ್ಟ ಬಾಲಕರು ಮಾರನೆಯ ದಿನ ಕ್ಲಾಸಿನಲ್ಲಿ ಆಲಿಸಿದ್ದನ್ನು ಶೀಘ್ರ ಮರೆಯುತ್ತಾರೆ' ಎಂದಾಗುತ್ತದೆ. ಅಂಗಿ ಬದಲಾಯಿತು, ಆಸಾಮಿ ಅವನೇ. ಕೆಳಗೆ ಹೆಸರು ಕೊಟ್ಟರೂ ಇದು ಸರಿಯಲ್ಲ. ವಾಕ್ಯದ ಮೈಕಟ್ಟು ಪೂರ್ತಿ ಬೇರೆಯವರದು, ಓದುವವರಿಗೆ ಮಾತ್ರ ಅದು ನಿಮ್ಮದು ಅನ್ನಿಸುತ್ತದೆ. ನಾನು ಹೇಳುವ ಉಪಾಯ ಸುಲಭ. ಪುಸ್ತಕ ಮುಚ್ಚಿ. ಗೆಳತಿಗೆ ಹೇಳುವ ಹಾಗೆ ಆ ವಿಷಯ ಹೇಳಿ. ಹಾಗೆ ಹೇಳಿದ್ದನ್ನು ಬರೆದು, ಪುಸ್ತಕ ತೆರೆದು ತಾಳೆ ನೋಡಿ. ಹೇಳಲು ಬರಲಿಲ್ಲ ಅಂದರೆ ಇನ್ನೂ ಅರ್ಥವಾಗಿಲ್ಲ, ಮತ್ತೆ ಓದಿ. ಬರೆದಾದ ಮೇಲೆ ಲೇಖಕರ ಹೆಸರು ಕೊಡಲೇಬೇಕು. ಮಾತು ನಿಮ್ಮದಾದರೂ ವಿಚಾರ ಅವರದು ತಾನೆ?

ಪದ ಬದಲಿಸುವ ಈ ಆಟಕ್ಕೂ ಸಾಫ್ಟ್‌ವೇರ್‌ಗಳಿವೆ. 2021ರಲ್ಲಿ ಫ್ರಾನ್ಸಿನ ಸಂಶೋಧಕ ಗಿಯೋಮ್ ಕಬನಾಕ್ ಮತ್ತು ಜೊತೆಗಾರರು ವಿಜ್ಞಾನದ ಪತ್ರಿಕೆಗಳಲ್ಲಿ ಅಚ್ಚಾಗಿದ್ದ ವಿಚಿತ್ರ ನುಡಿಗಟ್ಟುಗಳನ್ನು ಹೆಕ್ಕಿ ತೋರಿಸಿದರು. ಆರ್ಟಿಫಿಶಿಯಲ್ ಇಂಟೆಲಿಜೆನ್ಸ್ ಅನ್ನುವುದು 'ಕೌಂಟರ್‌ಫೀಟ್ ಕಾನ್ಷಸ್‌ನೆಸ್' ಆಗಿತ್ತು. ಕನ್ನಡದಲ್ಲಿ ಹೇಳುವುದಾದರೆ ಖೋಟಾ ಪ್ರಜ್ಞೆ! ಬ್ರೆಸ್ಟ್ ಕ್ಯಾನ್ಸರ್ ಹೋಗಿ 'ಬೂಸಂ ಪೆರಿಲ್' ಆಗಿತ್ತು, ಎದೆಯ ಗಂಡಾಂತರ. ಸಿಕ್ಕಿಬೀಳಬಾರದು ಎಂದು ಪದ ಬದಲಿಸಿದವರನ್ನು ಆ ಬದಲಿ ಪದಗಳೇ ಹಿಡಿದುಕೊಟ್ಟವು. ಇದನ್ನು ಹೇಳಿದಾಗಲೆಲ್ಲ ವಿದ್ಯಾರ್ಥಿಗಳು ನಗುತ್ತಾರೆ. ಒಂದಿಬ್ಬರು ಮಾತ್ರ ನಗುವುದಿಲ್ಲ. ಅವರ ಪ್ರಬಂಧವನ್ನು ನಾನು ಸ್ವಲ್ಪ ನಿಧಾನವಾಗಿ ಓದುತ್ತೇನೆ.

ಇನ್ನೊಂದು ಕಾಯಿಲೆ, ಓದದೇ ಇರುವ ಪುಸ್ತಕವನ್ನು ಆಕರವೆಂದು ತೋರಿಸುವುದು. ಪಾಲಕ್ ಸೊಪ್ಪಿನ ಕಥೆ ಕೇಳಿರಬಹುದು. ಹಳೇ ಕಾಲದಲ್ಲಿ ಯಾರೋ ದಶಮಾಂಶದ ಚುಕ್ಕಿಯನ್ನು ತಪ್ಪು ಜಾಗದಲ್ಲಿ ಇಟ್ಟರಂತೆ, ಅದರಿಂದ ಪಾಲಕ್‌ನಲ್ಲಿ ಕಬ್ಬಿಣದ ಅಂಶ ಹತ್ತು ಪಟ್ಟು ಇದೆ ಎಂದು ಜಗತ್ತೆಲ್ಲ ನಂಬಿತಂತೆ. ಇದನ್ನು ಪ್ರಸಿದ್ಧ ಮಾಡಿದ್ದು 1981ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಟಿ.ಜೆ. ಹ್ಯಾಂಬ್ಲಿನ್ ಬರೆದ ಲೇಖನ. ಚುಕ್ಕಿಯ ಕಥೆಗೆ ಅವರು ಆಕರ ಕೊಟ್ಟಿರಲಿಲ್ಲ. ಆದರೂ 'ವಿಜ್ಞಾನದಲ್ಲಿ ಎಷ್ಟು ಎಚ್ಚರ ಬೇಕು ನೋಡಿ' ಎಂದು ಪಾಠ ಹೇಳಲು ಎಷ್ಟೋ ಜನ ಅದನ್ನೇ ಬಳಸಿದರು. 2010ರಲ್ಲಿ ಮೈಕ್ ಸಟನ್ ಎಂಬವರು ಮೂಲ ಹುಡುಕಿಕೊಂಡು ಹೋದರೆ ಆ ಚುಕ್ಕಿಗೆ ಪುರಾವೆಯೇ ಸಿಗಲಿಲ್ಲ. ನಾರ್ವೆಯ ಓಲೆ ಬಿಯೋರ್ನ್ ರೆಕ್ಡಾಲ್ 2014ರಲ್ಲಿ ಈ ಪ್ರಸಂಗವನ್ನೇ ಹಿಡಿದು ಒಂದು ಒಳ್ಳೆಯ ಲೇಖನ ಬರೆದರು. ಎಚ್ಚರ ಕಲಿಸುವ ಕಥೆಯೇ ಅಂತೆ ಕಂತೆಗಳ ಸಂತೆ! ಮೂಲ ಸಿಗದಿದ್ದರೆ ನೇರವಾಗಿ 'ಇಂಥವರ ಪುಸ್ತಕದಲ್ಲಿ ಉಲ್ಲೇಖಿಸಿದಂತೆ' ಎಂದು ಬರೆಯಬಹುದು. ಅದರಿಂದ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಆಕರ ಬರೆಯುವ ಶೈಲಿಯ ವಿಷಯಕ್ಕೆ ಬಂದರೆ, ವಿದ್ಯಾರ್ಥಿಗಳು ಅಲ್ಪವಿರಾಮಕ್ಕೆ ಹೆದರುವಷ್ಟು ಇನ್ಯಾವುದಕ್ಕೂ ಹೆದರುವುದಿಲ್ಲ. ಎಪಿಎ, ಎಂಎಲ್‌ಎ, ಶಿಕಾಗೊ, ವ್ಯಾಂಕೂವರ್ ಎಂದು ಹೆಸರು ಕೇಳಿದರೇ ತಲೆ ತಿರುಗುತ್ತದೆ ಅನ್ನುತ್ತಾರೆ. ಎಪಿಎ 1929ರಲ್ಲಿ ಶುರುವಾದಾಗ ಬರೀ ಏಳು ಪುಟದ ಸೂಚನೆ. ಈಗ ಅದು ನಾನೂರಕ್ಕೂ ಜಾಸ್ತಿ ಪುಟದ ಪುಸ್ತಕ. ಹೆದರಿಕೆ ಸಹಜವೇ. ಆದರೆ ಎಲ್ಲ ಶೈಲಿಗಳೂ ಕೇಳುವುದು ಅದೇ ನಾಲ್ಕು ಮಾತು. ಯಾರು ಬರೆದರು, ಯಾವಾಗ, ಏನು, ಎಲ್ಲಿ ಸಿಗುತ್ತದೆ. ನಿಮ್ಮ ವಿಭಾಗ ಹೇಳಿದ ಒಂದು ಶೈಲಿ ಹಿಡಿದು ಕೊನೆಯವರೆಗೂ ಅದನ್ನೇ ಪಾಲಿಸಿ. ಜೊಟೆರೊದಂಥ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಚುಕ್ಕಿ ಕಾಮಾಗಳನ್ನು ಅದೇ ನೋಡಿಕೊಳ್ಳುತ್ತದೆ. ಮಾಹಿತಿ ಸರಿ ಇದೆಯೇ ಎಂದು ಮಾತ್ರ ನೀವೇ ನೋಡಬೇಕು.

ಈಗೀಗ ಚಾಟ್‌ಜಿಪಿಟಿ ಕೊಟ್ಟ ಆಕರಪಟ್ಟಿಗಳೂ ಬರುತ್ತಿವೆ. ಲೇಖಕರ ಹೆಸರು, ಪತ್ರಿಕೆ, ಸಂಪುಟ, ಪುಟಸಂಖ್ಯೆ ಎಲ್ಲ ಅಚ್ಚುಕಟ್ಟು. ಹುಡುಕಿದರೆ ಅಂಥ ಲೇಖನವೇ ಇರುವುದಿಲ್ಲ. 2023ರಲ್ಲಿ ಹೀಗೆಯೇ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟು, ಆಮೇಲೂ ಅವನ್ನೇ ಸಮರ್ಥಿಸಿಕೊಂಡ ನ್ಯೂಯಾರ್ಕಿನ ವಕೀಲರಿಗೆ 5,000 ಡಾಲರ್ ದಂಡ ಬಿತ್ತು. ಆದರೆ ಈ ಚಾಳಿಯನ್ನು ಯಂತ್ರವೇ ಕಲಿಸಿತು ಅನ್ನಲಾರೆ. ಎಲ್ಸೆವಿಯರ್ ಪ್ರಕಾಶನದವರು ಲೇಖಕರಿಗೆ ಕೊಡುವ ಸೂಚನೆಯಲ್ಲಿ, ಆಕರ ಬರೆಯುವ ಮಾದರಿಗೆಂದು, ವಾನ್ ಡರ್ ಗೀರ್ ಮತ್ತು ಇತರರು 2000ದಲ್ಲಿ ಬರೆದ ಲೇಖನವೊಂದನ್ನು ತೋರಿಸಿದ್ದರು. ಅಂಥ ಲೇಖನ ಇಲ್ಲವೇ ಇಲ್ಲ. ಆದರೂ ಅದು ನೂರಾರು ಸಂಶೋಧನಾ ಲೇಖನಗಳ ಪಟ್ಟಿಯಲ್ಲಿ ಹೋಗಿ ಕೂತಿತು. ಆಗ ಚಾಟ್‌ಜಿಪಿಟಿ ಎಲ್ಲಿತ್ತು? ಈಗ ನಾನು ಪ್ರತಿ ಪಟ್ಟಿಯಿಂದ ಕಣ್ಣು ಮುಚ್ಚಿ ಐದು ಆಕರ ಆರಿಸಿ ಹುಡುಕುತ್ತೇನೆ. ಲೇಖನಕ್ಕೆ ಡಿಒಐ ಸಂಖ್ಯೆ (ಅಂತರ್ಜಾಲದಲ್ಲಿ ಆ ಲೇಖನಕ್ಕಿರುವ ಕಾಯಂ ಗುರುತು) ಕೊಟ್ಟಿದ್ದರೆ ಅದು ತೆರೆದು ಎಲ್ಲಿಗೆ ಹೋಗುತ್ತದೆ ಅಂತ ನೋಡುತ್ತೇನೆ. ಐದರಲ್ಲಿ ಒಂದು ಸಿಗದಿದ್ದರೂ ಫೋನ್ ಮಾಡಿ ವಿದ್ಯಾರ್ಥಿಯನ್ನು ಕರೆಸುತ್ತೇನೆ. 'ಆ ಪುಸ್ತಕ ತಗೊಂಡು ಬನ್ನಿ, ನಾನೂ ಓದಬೇಕು' ಅಂತ ಸುಮ್ನೆ ಕೇಳಿದರೆ ಸಾಕು.

ಕೊನೆಗೆ ನಿಮ್ಮ ಲೇಖನಕ್ಕೇ ಬರುತ್ತೇನೆ. ಅದರ ಮೂರನೇ ಪ್ಯಾರಾದಲ್ಲಿ 'ಅಧ್ಯಯನವೊಂದರ ಪ್ರಕಾರ' ಎಂದು ಒಂದು ಅಂಕಿ ಕೊಟ್ಟಿದ್ದೀರಿ. ಪತ್ರಿಕೆಯಲ್ಲಿ ಅಡಿಟಿಪ್ಪಣಿ ಹಾಕಲು ಜಾಗ ಇರುವುದಿಲ್ಲ, ಒಪ್ಪುತ್ತೇನೆ. ಆದರೆ ಯಾವ ಅಧ್ಯಯನ, ಯಾರು ಮಾಡಿದ್ದು, ಯಾವ ವರ್ಷದ್ದು ಎಂದು ಹೇಳಲು ಒಂದು ಸಾಲು ಸಾಕು. ಎರಡು ದಿನ ಹುಡುಕಿದೆ, ನನಗೆ ಸಿಗಲಿಲ್ಲ. ದಯವಿಟ್ಟು ಲೇಖಕರನ್ನು ಕೇಳಿ ತಿಳಿಸುತ್ತೀರಾ?

ಇತಿ,
ಒಬ್ಬ ಗ್ರಂಥಪಾಲಕಿ