ವಿದ್ಯುತ್ ಪಾಠಕ್ಕೆ ಫೆಟ್: ಮನೆಯಲ್ಲೇ ಇಳಿಸಿಕೊಂಡು ಬನ್ನಿ
ಕೊಪ್ಪಳ ತಾಲ್ಲೂಕಿನ ವಿಜ್ಞಾನ ಗುರುಗಳಿಗೆ, ಗುರುಮಾತೆಯರಿಗೆ ನಮಸ್ಕಾರ.

ಹತ್ತನೇ ತರಗತಿಯ ವಿದ್ಯುತ್ ಪಾಠಕ್ಕೆ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ (ಹುಡುಕುವಾಗ ಪಿ-ಎಚ್-ಇ-ಟಿ) ಬಳಸಿ. ಪ್ರಯೋಗಗಳನ್ನು ಪರದೆಯ ಮೇಲೆ ಮಾಡಿ ನೋಡುವ ಜಾಲತಾಣ ಇದು. 2002ರಲ್ಲಿ ಶುರುವಾದದ್ದು, ಪೂರ್ತಿ ಉಚಿತ. ಹಳ್ಳಿ ಶಾಲೆಯಲ್ಲಿ ನೆಟ್‌ವರ್ಕ್ ನಂಬಬೇಡಿ. ‘ಸರ್ಕ್ಯೂಟ್ ಕನ್‌ಸ್ಟ್ರಕ್ಷನ್ ಕಿಟ್: ಡಿಸಿ’ ಫೈಲನ್ನು ಹಿಂದಿನ ದಿನ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಮೊಬೈಲ್‌ನಲ್ಲಿ ಒತ್ತಿದಾಗ ಬಿಳಿ ಪರದೆ ಬಂದರೆ ಫೈಲ್ ಕೆಟ್ಟಿದೆ ಅಂದುಕೊಳ್ಳಬೇಡಿ, ಬೇರೆ ಆ್ಯಪ್‌ನಲ್ಲಿ ತೆರೆದಿರುತ್ತದೆ. ಲ್ಯಾಪ್‌ಟಾಪ್‌ಗೆ ಹಾಕಿ ಕ್ರೋಮ್‌ನಲ್ಲಿ ತೆರೆಯಿರಿ.

ಪರದೆಯ ಮೇಲೆ 9 ವೋಲ್ಟ್ ಬ್ಯಾಟರಿ, 10 ಓಮ್ ಬಲ್ಬ್ ಜೋಡಿಸಿ. ಅಮ್ಮೀಟರ್ 0.90 ಆಂಪಿಯರ್ ತೋರಿಸುತ್ತದೆ. ಅಂಥದ್ದೇ ಇನ್ನೊಂದು ಬಲ್ಬ್ ಸರಣಿಯಲ್ಲಿ ಸೇರಿಸಿದರೆ 0.45, ಎರಡೂ ಮಂಕು. ಸಮಾಂತರದಲ್ಲಿ ಬ್ಯಾಟರಿಯಿಂದ 1.80, ಬೆಳಕು ಕುಗ್ಗುವುದಿಲ್ಲ. ಗುಂಡಿ ಒತ್ತುವ ಮೊದಲು ಪ್ರತಿ ಸಲವೂ ಉತ್ತರವನ್ನು ಮಕ್ಕಳಿಂದ ನೋಟ್‌ಬುಕ್‌ನಲ್ಲಿ ಬರೆಸಿ. ಈ ಒಂದು ಹೆಜ್ಜೆ ಬಿಟ್ಟರೆ ಅದು ಬರೀ ಸಿನಿಮಾ ನೋಡಿದಂತೆ ಆಗುತ್ತದೆ.

ಬಲ್ಬ್ ಬಿಟ್ಟು ಬರೀ ತಂತಿ ಸೇರಿಸಿದರೆ ಪರದೆಯ ಬ್ಯಾಟರಿಗೆ ಬೆಂಕಿ ಹತ್ತುತ್ತದೆ. ಶಾರ್ಟ್ ಸರ್ಕ್ಯೂಟ್ ಅಲ್ಲೇ ವಿವರಿಸಿ. ಮನೆಯ ಸ್ವಿಚ್‌ಬೋರ್ಡ್ ಮುಟ್ಟಿ ನೋಡಬಾರದೆಂದು ಖಡಾಖಂಡಿತವಾಗಿ ಹೇಳಿ.

ಪ್ರೊಜೆಕ್ಟರ್ ಇಲ್ಲದವರು ಎಂಟೆಂಟು ಮಕ್ಕಳನ್ನು ಲ್ಯಾಪ್‌ಟಾಪ್ ಮುಂದೆ ಕೂರಿಸಿ, ಉಳಿದವರಿಗೆ ನಿಜವಾದ ಸೆಲ್, ಟಾರ್ಚ್ ಬಲ್ಬ್ ಕೊಡಿ. ಚಾರ್ಜ್ ಪೂರ್ತಿ ಇರಲಿ, ಮಧ್ಯಾಹ್ನ ಕರೆಂಟ್ ಇರುತ್ತದೆಂಬ ಖಾತ್ರಿ ಇಲ್ಲ.