ತಾಂಡಾ ಖಾಲಿ ಇದ್ದಾಗ ಕ್ಯಾನ್ಸರ್ ಶಿಬಿರ ಯಾಕೆ?

ಮಾನ್ಯ ಸಂಪಾದಕರೇ,

ಫೆಬ್ರುವರಿ 4 ವಿಶ್ವ ಕ್ಯಾನ್ಸರ್ ದಿನ, ಮಾರ್ಚ್ 8 ಮಹಿಳಾ ದಿನ. ಯಾದಗಿರಿ, ಕಲಬುರಗಿಯ ತಾಂಡಾಗಳಲ್ಲಿ, ಅಂದರೆ ಲಂಬಾಣಿಗರ ಹಟ್ಟಿಗಳಲ್ಲಿ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಗೆ ಇವಕ್ಕಿಂತ ಕೆಟ್ಟ ಮುಹೂರ್ತ ಇಲ್ಲ. ದೀಪಾವಳಿ ಮುಗಿಸಿ ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋದವರು ಆಗ ಇನ್ನೂ ಮರಳಿರುವುದಿಲ್ಲ. ಶಿಬಿರಕ್ಕೆ ಸಿಗುವವರು ಬಹುಪಾಲು ಮುದುಕಿಯರು. ಮುಟ್ಟು ನಿಂತವರಲ್ಲಿ ನೋಡಬೇಕಾದ ಭಾಗವೇ ಒಳಗೆ ಸರಿದಿರುತ್ತದೆ. ಗರ್ಭಕೊರಳಿಗೆ ಅಸಿಟಿಕ್ ಆಸಿಡ್ ಹಚ್ಚಿ ಕಣ್ಣಿನಿಂದ ನೋಡುವ ಪರೀಕ್ಷೆಯನ್ನು ಅವರಲ್ಲಿ ನಂಬುವಂತಿಲ್ಲ.

ಜೂನಿನ ಮಿರಗದ ಮಳೆಯಿಂದ ದೀಪಾವಳಿಯವರೆಗೆ ತಾಂಡಾ ತುಂಬಿರುತ್ತದೆ. 30 ದಾಟಿದವರಿಗೆ 5 ವರ್ಷಕ್ಕೊಮ್ಮೆ ಆಗಬೇಕಾದ ತಪಾಸಣೆಯನ್ನು ಆಗ ಇಡಿ, ಅದೂ 10–15 ದಿನ ಬಿಟ್ಟು ಎರಡು ಸಲ. ಮುಟ್ಟಾದವರನ್ನು ಪರೀಕ್ಷಿಸಲಾಗದು, ‘ಮತ್ತೆ ಬಾ’ ಎನ್ನಲು ಮತ್ತೊಂದು ದಿನ ಇರಬೇಕಲ್ಲ.

ಕರೆಯುವವರು ಯಾರು ಎಂಬುದು ಇನ್ನೂ ದೊಡ್ಡ ಮಾತು. ಅಮೆರಿಕದಲ್ಲಿ ಸ್ಪ್ಯಾನಿಷ್ ಮಾತಾಡುವ ಹಿಸ್ಪಾನಿಕ್ ಹೆಂಗಸರ ನಡುವೆ ಅವರವರಲ್ಲೇ ತರಬೇತಿ ಪಡೆದ ‘ಪ್ರೊಮೊತೋರಾ’ಗಳು ಮನೆಗೆ ಹೋಗಿ ತಿಳಿಸಿ, ತಾರೀಖು ಗೊತ್ತುಮಾಡಿ, ಬೇಕಾದರೆ ಜೊತೆಗೂ ಹೋಗುತ್ತಾರೆ. ನಮ್ಮಲ್ಲಿ ಆಶಾ ಕಾರ್ಯಕರ್ತೆ ಇದ್ದಾಳೆ, ಆದರೆ ಲಂಬಾಣಿ ಮಾತು ಬಾರದಿದ್ದರೆ, ಅತ್ತೆ ಪಕ್ಕದಲ್ಲಿ ಕೂತಿದ್ದರೆ, ಬಿಳಿಮುಟ್ಟಿನ ಪ್ರಶ್ನೆಗೆ ಉತ್ತರ ‘ಇಲ್ಲ’ ಎಂದೇ. ತಾಂಡಾದ ಸ್ವಸಹಾಯ ಸಂಘದ ಒಬ್ಬಾಕೆಯನ್ನು ಗೌರವಧನ ಕೊಟ್ಟು ಆಶಾ ಜೊತೆ ಜೋಡಿಸಬೇಕು. ಹಾಗೆಯೇ ಗುರುಮಠಕಲ್ ಕಡೆ ತೆಲುಗು, ಔರಾದ್ ಕಡೆ ಮರಾಠಿ ಮಾತಾಡುವಾಕೆ ಬೇಕು.

ಇನ್ನು ಸಲಕರಣೆ. ಗ್ಲೇಶಿಯಲ್ ಅಸಿಟಿಕ್ ಆಸಿಡ್ 5 ಮಿ.ಲೀ., ಡಿಸ್ಟಿಲ್ಡ್ ವಾಟರ್ 95 ಮಿ.ಲೀ. ಅಳೆದು ಆಯಾ ದಿನವೇ ಬೆರೆಸಬೇಕು. ಅಂದಾಜಿನಲ್ಲಿ ಸುರಿದು ತೆಳುವಾದರೆ ರೋಗದ ಜಾಗದಲ್ಲಿ ಬಿಳಿ ಕಲೆ ಏಳುವುದಿಲ್ಲ, ರೋಗ ಕಣ್ತಪ್ಪುತ್ತದೆ. ಹಚ್ಚಿದ ಮೇಲೆ ಗಡಿಯಾರ ನೋಡಿ ಪೂರ್ತಿ 1 ನಿಮಿಷ ಕಾಯಬೇಕು. ಸಾಲು ಉದ್ದವಾದಷ್ಟೂ ಈ ನಿಮಿಷ ಗಿಡ್ಡವಾಗುತ್ತದೆ. ಒಳಗೆ ನೋಡಲು ಯೋನಿಯನ್ನು ಅಗಲಿಸಿ ಹಿಡಿಯುವ ಸ್ಪೆಕ್ಯುಲಮ್ಮನ್ನು 0.5% ಕ್ಲೋರಿನ್ ನೀರಲ್ಲಿ 10 ನಿಮಿಷ ಇಟ್ಟು, ತೊಳೆದು, 20 ನಿಮಿಷ ಕುದಿಸಿ, ಆರಿಸಿದ ಮೇಲಷ್ಟೇ ಮತ್ತೆ ಬಳಕೆ. 40 ಮಂದಿಗೆ 10 ಸ್ಪೆಕ್ಯುಲಮ್ ತಂದರೆ ಮಧ್ಯಾಹ್ನಕ್ಕೆ ಅರ್ಧ ಜನ ಮನೆಗೆ. ಕರೆಂಟಿನ ಭರವಸೆ ಬೇಡ, ಚಾರ್ಜಿಂಗ್ ದೀಪ ಇರಲಿ.

ಎಲ್ಲಕ್ಕಿಂತ ಹೆಚ್ಚು ಹೆಂಗಸರು ಕೈತಪ್ಪಿ ಹೋಗುವುದು ಪಾಸಿಟಿವ್ ಬಂದ ಮೇಲೆ. ಪಾಸಿಟಿವ್ ಎಂದರೆ ಕ್ಯಾನ್ಸರ್ ಅಲ್ಲ. ಕ್ಯಾನ್ಸರ್‌ಪೂರ್ವ ಬದಲಾವಣೆಯಾದರೆ ಅನೇಕರಿಗೆ ಆ ಜಾಗವನ್ನಷ್ಟೇ ಸುಡುವ ಥರ್ಮಲ್ ಅಬ್ಲೇಶನ್ ಸಾಕು. ಗರ್ಭಚೀಲ ತೆಗೆಯುವುದಿಲ್ಲ. ಇದನ್ನು ಮೊದಲೇ, ಒತ್ತಿ ಹೇಳಬೇಕು, ಏಕೆಂದರೆ ಕಲಬುರಗಿ ಜಿಲ್ಲೆಯ ಲಂಬಾಣಿ ಹೆಂಗಸರ ಗರ್ಭಕೋಶವನ್ನು ಅನಗತ್ಯವಾಗಿ ತೆಗೆದ ಸಂಗತಿ 2015ರಲ್ಲಿ ಬಯಲಾದದ್ದನ್ನು ತಾಂಡಾ ಮರೆತಿಲ್ಲ. ಚಿಕಿತ್ಸೆಯ ನಂತರ ಕೆಲವು ವಾರ ನೀರಿನಂಥ ಸ್ರಾವ ಸಹಜ ಎಂದೂ ಹೇಳಬೇಕು, ಇಲ್ಲವಾದರೆ ಅದೊಂದೇ ಸಾಕು ಉಳಿದವರು ಹಿಂದೆ ಸರಿಯಲು.

ಶಕ್ತಿ ಯೋಜನೆಯಿಂದ ಬಸ್ ಪುಕ್ಕಟೆ, ಆದರೆ ದಿನದ ಕೂಲಿ ಹೋಗುತ್ತದೆ. ‘ಕಲಬುರಗಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗು’ ಎಂದು ಚೀಟಿ ಕೊಟ್ಟು ಕಳಿಸದೆ ತಾರೀಖು, ಜೊತೆಗೆ ಬರುವಾಕೆ, ಬಿಪಿಎಲ್ ಕಾರ್ಡ್ ಮೂರನ್ನೂ ಅಲ್ಲೇ ಖಚಿತ ಮಾಡಿ. ಜಿಲ್ಲಾ ಆರೋಗ್ಯಾಧಿಕಾರಿಗಳು ‘ಇಷ್ಟು ಜನ ತಪಾಸಣೆ’ ಎಂಬ ಅಂಕಿಯ ಪಕ್ಕದಲ್ಲಿ ‘ಪಾಸಿಟಿವ್ ಇಷ್ಟು, ಚಿಕಿತ್ಸೆ ಮುಗಿದದ್ದು ಇಷ್ಟು’ ಎಂಬುದನ್ನೂ ತಾಲ್ಲೂಕುವಾರು ಪ್ರತಿ ತಿಂಗಳು ಪ್ರಕಟಿಸಲಿ.

— ಸಮುದಾಯ ಆರೋಗ್ಯ ಕಾರ್ಯಕರ್ತೆಯರು, ಯಾದಗಿರಿ