ಮಂಡಿಯೂರಿ ಕೂತ ಆ ದಿನ

ಕಳೆದ ಶನಿವಾರ ನಮ್ಮ ಕೊನೆಯ ಕೌನ್ಸೆಲಿಂಗ್ ಸೆಷನ್ ಮುಗಿಯಿತು. ಈ ಹದಿನಾಲ್ಕು ತಿಂಗಳು ಜೊತೆಗಿದ್ದವರಿಗೆ ಥ್ಯಾಂಕ್ಸ್ ಹೇಳದೆ ಇರಲಾರೆ. ಮಗ ಸೆಕೆಂಡ್ ಪಿಯುಸಿ ಅರ್ಧಕ್ಕೆ ಬಿಟ್ಟು ರೂಮಿನ ಬಾಗಿಲು ಹಾಕಿಕೊಂಡಾಗ, ದಿನಾ ಸಂಜೆ ಬಂದು ಏನೂ ಕೇಳದೆ ಅವನೊಡನೆ ಚೆಸ್ ಆಡಿದ ನನ್ನ ತಮ್ಮನಿಗೆ. ಸಾರು ಕಳಿಸುತ್ತಿದ್ದ ಕೆಳಗಿನ ಮನೆಯ ಅಕ್ಕನಿಗೆ. ಎಲ್ಲರಿಗಿಂತ ಜಾಸ್ತಿ ನಮ್ಮ ಕೌನ್ಸೆಲರ್ ಮೇಡಂಗೆ.

ಮೇಡಂ ಮೊದಲ ದಿನವೇ ನಾಲ್ಕೂ ಜನ ಬನ್ನಿ ಎಂದರು. ನನಗೆ ಬೇಜಾರಾಯಿತು. ತೊಂದರೆ ಮಗನಿಗೆ, ನಮಗೇನಾಗಿದೆ?

ಮೂರನೇ ಸಲ ಹೋದಾಗ, ಜಗಳವಾದಾಗ ಹೇಗಿರುತ್ತೀರೋ ಹಾಗೆ ನಿಲ್ಲಿ, ಮಾತು ಬೇಡ ಎಂದರು. ಯಜಮಾನರು ಸೊಂಟದ ಮೇಲೆ ಕೈಯಿಟ್ಟು ಬೆರಳು ಚಾಚಿದರು. ಮಗಳು ಕಂಬದ ಹಾಗೆ ನೆಟ್ಟಗೆ ನಿಂತಳು. ಮಗ ಗೋಡೆ ಕಡೆ ತಿರುಗಿದ. ನಾನು ಮಂಡಿಯೂರಿ, ಕತ್ತೆತ್ತಿ, ಕೈ ಚಾಚಿದೆ. ಸ್ವಲ್ಪ ಹೊತ್ತಿಗೇ ಮಂಡಿ ಸುಡತೊಡಗಿತು. ಇವರ ತೋಳೂ ನಡುಗುತ್ತಿತ್ತು. ಇಷ್ಟು ವರ್ಷ ಹೀಗೇ ಇದ್ದೆವು ಅಲ್ವಾ ಅನ್ನಿಸಿ ಅಳು ಬಂತು. ಆಗ ಮಗ ತಿರುಗಿ, "ಅಮ್ಮ, ಎದ್ದೇಳು" ಎಂದ. ಎಷ್ಟೋ ತಿಂಗಳ ಮೇಲೆ ಅವನಾಗಿ ಆಡಿದ ಮಾತು ಅದು.

ಈ ಭಂಗಿಗಳನ್ನು ಕೊಟ್ಟವರು ವರ್ಜೀನಿಯಾ ಸಟೀರ್ ಎಂಬ ಫ್ಯಾಮಿಲಿ ಥೆರಪಿಸ್ಟ್, ಅಂದರೆ ಮನೆಮಂದಿಯನ್ನೆಲ್ಲ ಒಟ್ಟಿಗೆ ಕೂರಿಸಿ ಚಿಕಿತ್ಸೆ ಕೊಡುವವರು ಎಂದು ಮೇಡಂ ಹೇಳಿದರು. ಅಲ್ಲಿಂದ ಅವರ ಬಗ್ಗೆ ಓದುತ್ತಲೇ ಇದ್ದೇನೆ. 1916ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹುಟ್ಟಿದವರು. ಐದು ವರ್ಷದವರಿದ್ದಾಗಲೇ, ದೊಡ್ಡವಳಾಗಿ ಅಪ್ಪ ಅಮ್ಮಂದಿರ ಗುಟ್ಟು ಪತ್ತೆಮಾಡುವ, ಮಕ್ಕಳ ಪರವಾದ ಪತ್ತೇದಾರಳಾಗುತ್ತೇನೆ ಎಂದುಕೊಂಡಿದ್ದರಂತೆ. ಟೀಚರ್ ಆದಾಗ ಶಾಲೆ ಬಿಟ್ಟ ಮೇಲೆ ಮಕ್ಕಳ ಮನೆಗೇ ಹೋಗುತ್ತಿದ್ದರು.

1951ರ ಒಂದು ಘಟನೆ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಇದೆ ಎನ್ನಲಾದ ಒಬ್ಬ ಹುಡುಗಿ ಅವರ ಹತ್ತಿರ ಬರುತ್ತಿದ್ದಳು, ಚೇತರಿಸಿಕೊಳ್ಳುತ್ತಲೂ ಇದ್ದಳು. ಅವಳ ತಾಯಿ ಫೋನ್ ಮಾಡಿ, ನನ್ನ ಮಗಳನ್ನು ನನ್ನಿಂದ ದೂರ ಮಾಡುತ್ತಿದ್ದೀರಿ, ಕೇಸ್ ಹಾಕುತ್ತೇನೆ ಎಂದರು. ಆ ಬೆದರಿಕೆಯೊಳಗೆ ಸಟೀರ್‌ಗೆ ಒಂದು ಮೊರೆ ಕೇಳಿಸಿತು. ನೀವೂ ಬನ್ನಿ ಎಂದರು. ಆಮೇಲೆ ತಂದೆಯನ್ನು ಕರೆದರು, ಆಮೇಲೆ ಸೋದರನನ್ನು. ರೋಗಿಯ ಜೊತೆ ಇಡೀ ಮನೆಯನ್ನು ಕೂರಿಸಿಕೊಳ್ಳುವುದು ಆಗ ರೂಢಿಯಲ್ಲಿರಲಿಲ್ಲ. ನಮ್ಮಲ್ಲೂ ಹೆಚ್ಚುಕಮ್ಮಿ ಅದೇ ಕಾಲದಲ್ಲಿ, ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನು ಟೆಂಟ್‌ಗಳಲ್ಲಿ ಉಳಿಸಿಕೊಂಡರು. ಅವರಿಗೂ ನನ್ನ ನಮಸ್ಕಾರ.

ಸಟೀರ್ 1988ರಲ್ಲಿ ತೀರಿಕೊಂಡರು. ನಾನಾಗ ಶಾಲೆಗೆ ಹೋಗುವ ಹುಡುಗಿ. ಆ ತಾಯಿಯ ಮಾತಿಗೆ ಅವತ್ತು ಸಟೀರ್ ಸಿಟ್ಟಾಗಿ ಫೋನ್ ಇಟ್ಟುಬಿಟ್ಟಿದ್ದರೆ ಏನಾಗುತ್ತಿತ್ತೋ ಎಂದು ಎಷ್ಟೋ ಸಲ ಯೋಚಿಸುತ್ತೇನೆ.

ಅವರದೇ ಇನ್ನೊಂದು ರೂಢಿಯನ್ನು ನಾವು ಭಾನುವಾರದ ತಿಂಡಿ ಹೊತ್ತಿಗೆ ಇಟ್ಟುಕೊಂಡಿದ್ದೇವೆ. ಮೊದಲು ಮೆಚ್ಚುಗೆ, ದೂರು ಆಮೇಲೆ. ಈ ವಾರ ಮಗ ಅಪ್ಪನಿಗೆ ಹೇಳಿದ: "ಮೊನ್ನೆ ಲೇಟಾಗಿ ಬಂದಾಗ ಏನೂ ಅನ್ನದೆ ಸುಮ್ನೆ ತಟ್ಟೆ ಹಾಕಿದೆಯಲ್ಲಪ್ಪ, ಥ್ಯಾಂಕ್ಸ್."

ಇವರು ಎದ್ದು ಒಳಗೆ ಹೋಗಿ, ಅವನಿಗೆ ಇನ್ನೊಂದು ದೋಸೆ ತಂದು ಹಾಕಿದರು.